ಸೈರನ್ ಟೈಮಿಗೆ ಹುಟ್ಟಿದವರು

ನಮ್ಮ ಮನೆ ಓನರ್ ಅಂಕಲ್ ಅವರ ಹೃದಯದಲ್ಲಿ ಮೂರು ಕಡೆ ಬ್ಲಾಕ್ ಇದೆ ಎಂದು ಗೊತ್ತಾಗುವ ಹೊತ್ತಿಗೆ, ನಾನು ಅವರಿಗೆ ಒಂದು ಇಂಗ್ಲಿಷ್ ಪುಸ್ತಕವನ್ನು ಅರ್ಧ ಓದಿ ಹೇಳಿ ಮುಗಿಸಿದ್ದೆ. ಉಳಿದರ್ಧ ಹಾಗೇ ಇದೆ. ಆ ಪುಸ್ತಕ ಈಗ ನನ್ನ ಹತ್ತಿರವೇ ಇದೆ.

ನಾವಿರುವುದು ಚಿಕ್ಕಬಾಣಾವರದ ಹತ್ತಿರ, ರೈಲು ಹಳಿಯ ಈಚೆ ಕಡೆ. ಅವರದು ಮೂರಂತಸ್ತಿನ ಮನೆ. ಕೆಳಗೆ ಅವರು ಮತ್ತು ಆಂಟಿ, ಮೇಲೆ ನಮ್ಮಂಥ ಬಾಡಿಗೆಯವರು. ಅಂಕಲ್ ಊರಿನ ಮೂಲ ಒಕ್ಕಲು. ಈ ರಸ್ತೆಯಲ್ಲಿ ರಾಗಿ ಹೊಲ ಇದ್ದದ್ದನ್ನು ಕಂಡವರು. ಆಮೇಲೆ ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆ ಸೇರಿ, ಟೂಲ್ ರೂಮಿನಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ದುಡಿದು, ಫೋರ್‌ಮನ್ ಆಗಿ ರಿಟೈರ್ ಆದವರು. ನಮ್ಮಪ್ಪ ಅವ್ವ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ನಮ್ಮ ಎರಡೂ ಕಡೆಯ ನೆಂಟರಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಟ್ಟಡದ ಶೆಡ್ಡಿನಲ್ಲಿ ಸಿಮೆಂಟ್ ಚೀಲದ ಮೇಲೆ ಕೂತು ಓದಿದ ಬಿಎಸ್ಸಿ ಅದು. ಈಗ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ತಯಾರಾದ ಬಿಡಿಭಾಗ ಅಳತೆಗೆ ಸರಿಯಿದೆಯೇ ಎಂದು ನೋಡುವುದು, ಅಳೆಯುವ ಉಪಕರಣ ಸರಿಯಿದೆಯೇ ಎಂದು ನೋಡುವುದು, ಇವೆರಡೇ ನನ್ನ ಕೆಲಸ.

ಅಂಕಲ್ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಏನಮ್ಮ ಬಿಎಸ್ಸಿ" ಎನ್ನುತ್ತಿದ್ದರು. ಮೊದಮೊದಲು ಅದು ಚುಚ್ಚು ಮಾತು ಅನ್ನಿಸಿತ್ತು. ಒಂದು ದಿನ ಗೇಟಿನ ಹತ್ತಿರ ಯಾರಿಗೋ, "ಮೇಲಿನ ಮನೆ ಮಗು, ಬಿಎಸ್ಸಿ, ಮೈಕ್ರೋಮೀಟರ್ ಇಡ್ಯೋ ಕೈ ಅದು" ಎಂದು ಹೇಳುತ್ತಿದ್ದುದು ಕಿವಿಗೆ ಬಿತ್ತು. ಆಮೇಲೆ ಆ ಹೆಸರು ನನಗೆ ಹಿಡಿಸಿತು.

ಅವರಿಗೆ ಜ್ಯೋತಿಷ್ಯದ ಹುಚ್ಚು. ಹುಚ್ಚು ಎಂದರೆ ಅವರು ಒಪ್ಪುತ್ತಿರಲಿಲ್ಲ. ದುಡ್ಡಿಗೆ ಭವಿಷ್ಯ ಹೇಳುವವರನ್ನು, ಟೀವಿಯಲ್ಲಿ ಕೂತು ಕಲ್ಲು ಮಾರುವವರನ್ನು ಅವರು ಬೈದಷ್ಟು ನಾನೂ ಬೈದಿಲ್ಲ. ಅವರ ವಾದ ಬೇರೆ. ಜ್ಯೋತಿಷ್ಯ ಒಂದು ಅಳತೆಯ ವಿದ್ಯೆ, ಅಳೆಯುವವರು ಸರಿಯಿಲ್ಲದ್ದಕ್ಕೆ ವಿದ್ಯೆಯನ್ನೇ ಬೈಯಬಾರದು ಎಂಬುದು. ಇದನ್ನು ಬರೆದಿಡಲು ಒಂದು ದಪ್ಪ ನೋಟ್‌ಬುಕ್ ಇಟ್ಟಿದ್ದರು. ಹಾಗೆ ಬರೆಯುವ ಹಂಬಲ ಹುಟ್ಟಿಸಿದ್ದು, ಹಳೇ ಪುಸ್ತಕದ ಅಂಗಡಿಯಲ್ಲಿ ಅವರಿಗೆ ಸಿಕ್ಕಿದ್ದ ಸ್ಪೈರಲ್ ಬೈಂಡಿಂಗ್ ಮಾಡಿದ ಒಂದು ಜೆರಾಕ್ಸ್ ಪ್ರತಿ. ನಾನೂರು ವರ್ಷದ ಹಿಂದೆ, ಇಂಗ್ಲೆಂಡನ್ನು ರಾಣಿಯೊಬ್ಬಳು ಆಳುತ್ತಿದ್ದ ಕಾಲದಲ್ಲಿ ಬದುಕಿದ್ದ ಒಬ್ಬ ದೊಡ್ಡ ಮನೆತನದ ಯಜಮಾನ ಜ್ಯೋತಿಷ್ಯದ ಪರವಾಗಿ ಬರೆದ ಪುಸ್ತಕ ಅದು. ಪುಸ್ತಕದ ಮೊದಲಿಗೆ ಅವನ ಜೀವನದ ಕಥೆಯನ್ನು ಬೇರೆ ಯಾರೋ ಬರೆದು ಸೇರಿಸಿದ್ದರು. ಅಂಕಲ್‌ಗೆ ಡ್ರಾಯಿಂಗ್ ಶೀಟಿನ ಇಂಗ್ಲಿಷ್ ಬರುತ್ತಿತ್ತು, ಪುಸ್ತಕದ ಇಂಗ್ಲಿಷ್ ಬರುತ್ತಿರಲಿಲ್ಲ.

"ನೀನು ಓದಿ ಯೋಳು, ನಾನು ಬರ್ಕೊಳ್ತೀನಿ" ಎಂದರು. "ನಂಬಬೇಡ. ಓದು ಸಾಕು."

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ನಮ್ಮ ಓದು. ನನ್ನ ಇಂಗ್ಲಿಷ್ ಅಂಥ ದೊಡ್ಡದೇನಲ್ಲ. ಹಳೇ ಇಂಗ್ಲಿಷಂತೂ ಕಲ್ಲು ಅಗಿದ ಹಾಗೆ. ಮೊಬೈಲಿನಲ್ಲಿ ಅರ್ಥ ಹುಡುಕಿ, ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಆದರೆ ಆ ಮನುಷ್ಯನ ಜೀವನದ ಭಾಗ ಸುಲಭವಾಗಿತ್ತು. ಅವನು ಕತ್ತಿ ಹಿಡಿದು ಹಡಗಿನಲ್ಲಿ ಯುದ್ಧಕ್ಕೆ ಹೋಗಿದ್ದ, ಬಿರುದು ಪಡೆದಿದ್ದ, ಆಸ್ತಿ ವಿಷಯಕ್ಕೆ ಅಪ್ಪನ ಜೊತೆ ಜಗಳವಾಡಿದ್ದ.

"ಅಲ್ಲೂ ಅಂಗೇನಾ" ಎಂದು ಅಂಕಲ್ ನಕ್ಕರು. "ನಮ್ಮೂರೋನೇ ಬಿಡು ಅವನು."

ಜ್ಯೋತಿಷ್ಯವನ್ನು ದೇಶದಲ್ಲೇ ನಿಷೇಧಿಸಬೇಕು ಎಂದು ಒಬ್ಬ ಪಾದ್ರಿ ಪುಸ್ತಕ ಬರೆದಿದ್ದ. ಅದಕ್ಕೆ ಇವನು ಮೂರರಷ್ಟು ದಪ್ಪದ ಉತ್ತರ ಬರೆದ. ಪಾದ್ರಿ ಅದಕ್ಕೆ ಮತ್ತೆ ಉತ್ತರ ಬರೆದಿಟ್ಟು ತೀರಿಕೊಂಡ. ಈ ಕಥೆ ಹೇಳಿದ ದಿನ ಅಂಕಲ್ ಪೆನ್ನು ಮುಚ್ಚಿಟ್ಟರು.

"ಪಾದ್ರಿ ನೀನು" ಎಂದರು.

"ನಾನ್ಯಾಕೆ ಸಾಯ್ಲಿ ಅಂಕಲ್?"

"ಉತ್ತರ ಬರೀದೇ ಇದ್ರೆ ಸಾಯಲ್ಲ."

ಹೀಗಿದ್ದಾಗಲೇ ಅವರಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳತೊಡಗಿತು. ಆಂಟಿ ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೈಪಾಸ್ ಆಗಲೇಬೇಕು, ಎರಡು ವಾರದೊಳಗೆ ಆದರೆ ಒಳ್ಳೆಯದು ಎಂದರು ಡಾಕ್ಟರು. ಅಂಕಲ್ ಮನೆಗೆ ಬಂದು, ಪಂಚಾಂಗ ಮತ್ತು ಜಾತಕ ಎರಡನ್ನೂ ಹರಡಿಕೊಂಡು ಒಂದು ಇಡೀ ದಿನ ಕೂತರು. ಆರು ವಾರ ಬಿಟ್ಟು ಬರುವ ಒಂದು ಗುರುವಾರವನ್ನು ಆರಿಸಿದರು. ಹುಟ್ಟಿದ ಗಳಿಗೆಯಿಂದ ಎಣಿಸಿದರೆ ಅವರಿಗೆ ಶನಿ ದೆಸೆಯಲ್ಲಿ ರಾಹು ಭುಕ್ತಿ ಎಂಬ ಕೆಟ್ಟ ಕಾಲ ನಡೆಯುತ್ತಿತ್ತಂತೆ. ಅದು ಮುಗಿದು ಗುರು ಭುಕ್ತಿ ಹಿಡಿದ ಮೇಲೇ ಮೈಮೇಲೆ ಕತ್ತಿ ಆಡಿಸುವುದು ಎಂದರು. ಆಸ್ಪತ್ರೆಗೆ ಫೋನ್ ಮಾಡಿ ಆ ಗುರುವಾರವನ್ನೇ ಗೊತ್ತು ಮಾಡಿದರು.

ಮರುದಿನ ನಾನು ಕೆಲಸಕ್ಕೆ ಹೊರಟಾಗ ಆಂಟಿ ಗೇಟಿನ ಹತ್ತಿರ ತಡೆದರು.

"ಆರು ವಾರ ಅಂತೆ ಕಣಮ್ಮ. ಡಾಕ್ಟ್ರು ಎರಡು ಅಂದವ್ರೆ. ನಾನು ಯೋಳಿದ್ರೆ ಅಡಿಗೆ ಮನೆ ನೋಡ್ಕೋ ಹೋಗು ಅಂತಾರೆ. ನೀನು ಓದ್ದೋಳು. ನಿನ್ ಮಾತಿಗೆ ಬೆಲೆ ಕೊಡ್ತಾರೆ. ಒಸಿ ಯೋಳು."

ಹೇಳುತ್ತೇನೆ ಎಂದೆ. ನಿಜ ಹೇಳಬೇಕೆಂದರೆ ಆ ಮಾತು ಕೇಳಿ ನನಗೆ ಸಂತೋಷವೇ ಆಯಿತು. ಹೇಗೆ ಹೇಳಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಕೈಕಾಲು ಹಿಡಿದು ಕೇಳಿಕೊಳ್ಳುವುದು ನನ್ನ ಜಾಯಮಾನವಲ್ಲ. ವಾದದಲ್ಲಿ ಗೆದ್ದರೆ ಅವರು ಒಪ್ಪುತ್ತಾರೆ, ಅವರು ಅಂಥ ಮನುಷ್ಯ ಎಂದುಕೊಂಡೆ.

ಮುಂದಿನ ಭಾನುವಾರ ಪುಸ್ತಕ ತೆಗೆಯುವ ಮೊದಲು, "ಅಂಕಲ್, ನಿಮ್ಮ ಜಾತಕ ತೋರಿಸ್ತೀರಾ?" ಎಂದೆ. ಅವರಿಗೆ ಆಶ್ಚರ್ಯವಾಯಿತು, ಖುಷಿಯೂ ಆಯಿತು. ಅರಿಶಿನದ ಬಟ್ಟೆಯಲ್ಲಿ ಸುತ್ತಿದ್ದ ಕಾಗದ ತಂದರು. ಅಂಚು ಹರಿದು, ಮಡಿಕೆಯಲ್ಲಿ ತೂತು ಬಿದ್ದಿತ್ತು.

"ಬೇರೆಯವರ ಜಾತಕದಾಗೆ ಗಂಟೆ ಅಂದಾಜು" ಎಂದರು. "ನಂದು ಅಂಗಲ್ಲ. ನಮ್ಮವ್ವಂಗೆ ಗಡಿಯಾರ ಇರ್ಲಿಲ್ಲ, ಆದ್ರೆ ಫ್ಯಾಕ್ಟ್ರಿ ಸೈರನ್ ಇತ್ತಲ್ಲ. ಬೆಳಿಗ್ಗೆ ಏಳೂವರೆ ಸೈರನ್ ಕೂಗಿದ್ದೂ ನಾನು ಅತ್ತಿದ್ದೂ ಒಟ್ಟಿಗೆ. ಮುಂದೆ ಆ ಫ್ಯಾಕ್ಟ್ರಿಗೇ ಸೇರ್ಕಂಡೆ ನೋಡು. ಅದಕ್ಕಿಂತ ಸಾಕ್ಷಿ ಬೇಕಾ?"

ನಾನು ಕಾಗದ ಓದಿದೆ. ಸಂವತ್ಸರ, ಮಾಸ, ತಿಥಿ, ನಕ್ಷತ್ರ. ತಿಥಿಯ ಪಕ್ಕದಲ್ಲೇ ವಾರ ಬರೆದಿತ್ತು. ಭಾನುವಾರ. ಮೊಬೈಲಿನಲ್ಲಿ ಹಳೇ ಕ್ಯಾಲೆಂಡರ್ ತೆಗೆದು ತಾಳೆ ನೋಡಿದೆ. ಭಾನುವಾರವೇ.

"ಅಂಕಲ್, ಭಾನುವಾರ ನಿಮ್ಮ ಫ್ಯಾಕ್ಟರಿ ಸೈರನ್ ಕೂಗ್ತಿತ್ತಾ?"

ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ವಾರವನ್ನು ಮತ್ತೆ ಓದಿದರು. ಅಷ್ಟು ವರ್ಷ ಆ ಸೈರನ್ನಿಗೆ ಎದ್ದು, ಆ ಸೈರನ್ನಿಗೆ ಊಟ ಮಾಡಿ, ಅದಿಲ್ಲದ ಭಾನುವಾರ ಹೊತ್ತೇರುವ ತನಕ ಮಲಗಿದವರು. ಜಾತಕವನ್ನು ಎಷ್ಟು ಸಲ ಬಿಚ್ಚಿದ್ದರೋ. ವಾರವೂ ಕಣ್ಣಿಗೆ ಬಿದ್ದಿತ್ತು, ಸೈರನ್ ಮಾತೂ ಬಾಯಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

"ಆ ಕಾಲದಾಗೆ ಕೂಗ್ತಿತ್ತೇನೋ" ಎಂದರು. ಅವರ ದನಿಯಲ್ಲೇ ನಂಬಿಕೆ ಇರಲಿಲ್ಲ.

ಅವರ ದೊಡ್ಡಕ್ಕ ಅದೇ ಬೀದಿಯ ಕೊನೆಯ ಮನೆಯಲ್ಲಿದ್ದರು. ಎಂಬತ್ತು ದಾಟಿದ್ದರೂ ನೆನಪು ಗಟ್ಟಿ. ಅಂಕಲ್ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ನಾನೂ ಹಿಂದೆ ಹೋದೆ. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ತಮ್ಮನ ಪ್ರಶ್ನೆ ಕೇಳಿ ನಕ್ಕರು.

"ಯಾವ ಸೈರನ್ನೋ? ಅವ್ವ ನೋವು ತಿಂತಿದ್ಲು, ನನ್ನ ಸೂಲಗಿತ್ತಿ ಕರ್ಕೊಂಬಾ ಅಂತ ಕಳ್ಸಿದ್ರು. ನಾವು ಬರೋ ಒತ್ಗೆ ನೀನು ಉಟ್ಟಿದ್ದೆ. ಗಂಟೆ ಯಾರು ನೋಡಿದ್ರು? ಜಾತಕ ಬರ್ಯೋ ಅಯ್ಯನೋರು ಒತ್ತು ಎಷ್ಟು ಅಂದ್ರು. ಅಪ್ಪ ಸೈರನ್ ಟೈಮು ಅಂದ. ಗೊತ್ತಿಲ್ಲ ಅನ್ನಕ್ಕೆ ನಾಚ್ಕೆ. ಆಗ ನಮ್ಮೂರಾಗೆ ಉಟ್ಟೋರೆಲ್ಲ ಸೈರನ್ ಟೈಮ್ಗೇ ಕಣೋ. ಬೆಳಿಗ್ಗೆ ಉಟ್ಟೋರ್ಗೆ ಬೆಳಿಗ್ಗೆ ಸೈರನ್ನು, ಮದ್ಯಾನ ಉಟ್ಟೋರ್ಗೆ ಮದ್ಯಾನದ್ದು."

"ಬಿಸ್ಲು ಬಂದಿತ್ತಾ ಅಕ್ಕ?"

"ಮಂಜು ಇತ್ತು. ಅಷ್ಟೇ ಗೊತ್ತು."

ವಾಪಸು ಬರುವಾಗ ಮಾತಾಡಿದವಳು ನಾನು. ನನ್ನ ಕೆಲಸದ ಭಾಷೆಯಲ್ಲೇ ಹೇಳಿದೆ, ಅದು ಅವರ ಕೆಲಸದ ಭಾಷೆಯೂ ಆಗಿತ್ತಲ್ಲ.

"ಅಂಕಲ್, ಅಳೆಯೋ ಗೇಜೇ ತಪ್ಪು ಅಂತ ಗೊತ್ತಾದ್ರೆ ನೀವು ಟೂಲ್ ರೂಮಲ್ಲಿ ಏನ್ ಮಾಡ್ತಿದ್ರಿ? ಆ ಗೇಜಲ್ಲಿ ಅಳೆದ ಮಾಲನ್ನ ಪಾಸ್ ಮಾಡ್ತಿದ್ರಾ? ಒಂದು ಗಂಟೆ ಆಚೀಚೆ ಆದ್ರೆ ಭುಕ್ತಿ ತಿಂಗಳುಗಟ್ಟಲೆ ಜರುಗುತ್ತೆ ಅಂತ ನೀವೇ ಹೇಳ್ಕೊಟ್ಟಿದ್ದು. ನಿಮ್ಮ ಗುರುವಾರ ಆ ಗೇಜಲ್ಲಿ ಅಳೆದಿದ್ದು."

ಅವರು ಗೇಟಿನ ಚಿಲಕ ಹಿಡಿದು ನಿಂತರು. ನನ್ನ ಮುಖ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯ ಕೆಲಸಗಾರನ ತಪ್ಪನ್ನು ಹೊಸಬ ಹಿಡಿದಾಗ ಆ ಕೆಲಸಗಾರನ ಮುಖದಲ್ಲಿ ಕಾಣುವಂಥದ್ದು ಅದು.

"ಸರಿ ಕಣಮ್ಮ ಬಿಎಸ್ಸಿ" ಎಂದರು. "ಸರಿಯಾಗಿ ಇಡ್ದೆ."

ಗೆದ್ದೆ ಎಂದುಕೊಂಡು ಮೆಟ್ಟಿಲು ಹತ್ತಿದೆ. ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡಲಿಲ್ಲ. "ಹಿರೇ ಮನಷ್ಯಾನ ನಂಬಿಕಿ ಮುರದು ನಿನಗೇನ ಸಿಕ್ತವಾ?" ಎಂದಳು. ಆಪರೇಷನ್ ಬೇಗ ಆಗುತ್ತದೆ ಎಂದೆ. "ಆಗ್ಲಿ" ಎಂದಳು.

ಫ್ಯಾಕ್ಟರಿಯಲ್ಲಿ ಗೇಜು ತಪ್ಪು ಎಂದು ಗೊತ್ತಾದಾಗ ಏನು ಮಾಡುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಗೇಜಿನಲ್ಲಿ ಅಳೆದ ಎಲ್ಲ ಮಾಲಿಗೂ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುತ್ತಾರೆ. ಅದಕ್ಕೆ ಹೋಲ್ಡ್ ಎನ್ನುತ್ತೇವೆ. ಗೇಜು ಸರಿಪಡಿಸಿ ಮತ್ತೆ ಅಳೆಯುವ ತನಕ ಒಂದು ತುಂಡೂ ಹೊರಗೆ ಹೋಗುವುದಿಲ್ಲ. ಅಳತೆಯನ್ನೇ ಬಿಟ್ಟು ಮಾಲು ಕಳಿಸಿ ಎಂದು ಯಾವ ಫೋರ್‌ಮನ್ನೂ ಹೇಳುವುದಿಲ್ಲ. ಅದೇ ಮಾತು ನಾನು ಅವರಿಗೆ ಹೇಳಿದ್ದೆ. ಅವರು ಅದನ್ನೇ ಮಾಡಿದರು.

ಎರಡು ದಿನದ ಮೇಲೆ ಆಂಟಿ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ.

"ಏನು ಯೋಳ್ದೆ ನೀನು ಅವ್ರಿಗೆ? ಆಸ್ಪತ್ರೆಗೆ ಫೋನ್ ಮಾಡಿ ಗುರುವಾರಾನೂ ಬ್ಯಾಡ ಅಂದ್ಬುಟ್ಟವ್ರೆ. ಉಟ್ಟಿದ್ದ ಗಳಿಗೆ ಸಿಕ್ಕೋವರ್ಗೂ ಯಾವ ದಿನಾನೂ ಇಲ್ವಂತೆ. ಆರು ವಾರಕ್ಕಾದ್ರೂ ಒಪ್ಪಿದ್ರು ಕಣಮ್ಮ. ನಾನು ಬೇಗ ಮಾಡ್ಸು ಅಂದ್ರೆ, ನೀನು ಇದ್ದಿದ್ದೂ ಕಳ್ದಲ್ಲ."

ನಾನು ಕೆಳಗೆ ಓಡಿದೆ. ಅಂಕಲ್ ಮೇಜಿನ ಮುಂದೆ ಕೂತಿದ್ದರು. ಜಾತಕದ ಮೇಲೆ ಪೆನ್ಸಿಲ್ಲಿನಲ್ಲಿ ಹೋಲ್ಡ್ ಎಂದು ಬರೆದು, ದಿನ ಹಾಕಿ, ಸಹಿಯನ್ನೂ ಮಾಡಿದ್ದರು. ಪಕ್ಕದಲ್ಲಿ ಒಂದು ಬಿಳಿ ಹಾಳೆ. ಅದರಲ್ಲಿ ತಮ್ಮ ಬದುಕಿನ ಘಟನೆಗಳನ್ನು ಒಂದರ ಕೆಳಗೊಂದು ಬರೆದುಕೊಂಡಿದ್ದರು. ಕೆಲಸಕ್ಕೆ ಸೇರಿದ ದಿನ. ಮದುವೆ. ಮೊದಲ ಹೆಣ್ಣು ಮಗು ಹನ್ನೊಂದನೇ ದಿನಕ್ಕೆ ತೀರಿಕೊಂಡದ್ದು. ಮೆಷಿನ್ನಿಗೆ ಸಿಕ್ಕಿ ಎಡಗೈ ತೋರುಬೆರಳಿನ ತುದಿ ಹೋದದ್ದು. ಹೊಲ ಲೇಔಟ್ ಆದದ್ದು.

"ಇವೆಲ್ಲ ಪಕ್ಕಾ ದಿನಗಳು" ಎಂದರು. "ಇವುಗಳಿಂದ ಹಿಂದಕ್ಕೆ ಲೆಕ್ಕ ಹಾಕಿದ್ರೆ ಉಟ್ಟಿದ ಗಳಿಗೆ ಸಿಕ್ಕುತ್ತೆ. ನಮ್ಮ ದೊರೆ ಏನಾದ್ರೂ ಬರ್ದವ್ನಾ ನೋಡು."

ನಮ್ಮ ದೊರೆ ಎಂದರೆ ಆ ಇಂಗ್ಲಿಷ್ ಯಜಮಾನ. ನಾನು ಪುಟ ತಿರುವಿದೆ. ಅವನ ಜೀವನದ ಭಾಗದಲ್ಲೇ ಸಿಕ್ಕಿತು. ಹುಟ್ಟಿದ ಗಳಿಗೆ ಸರಿಯಾಗಿ ಗೊತ್ತಿಲ್ಲದವರಿಗೆ, ಅವರ ಬದುಕಿನಲ್ಲಿ ಬಿದ್ದ ಏಟುಗಳನ್ನು ಹಿಡಿದು ಹಿಂದಕ್ಕೆ ಎಣಿಸಿ ಗಳಿಗೆ ತಿದ್ದುವ ಪದ್ಧತಿ ಆ ಕಾಲದಲ್ಲಿ ಅಲ್ಲೂ ಇತ್ತು ಎಂದು ಬರೆದಿತ್ತು.

ಆ ಸಾಲಿನ ಮೇಲೆ ನಾನು ಬೆರಳಿಟ್ಟು ಒತ್ತಿ ಹಿಡಿದೆ. ಅಂಕಲ್ ಪೆನ್ನು ಬಿಚ್ಚಿ ಕಾಯುತ್ತಿದ್ದರು. ಅವರು ನನ್ನ ಬಾಯಿಂದ ಬಂದದ್ದನ್ನೇ ಬರೆದುಕೊಳ್ಳುವವರು. ಕಾಯಿಲೆ ಬಿದ್ದವನಿಗೆ ಗಳಿಗೆ ನೋಡಬೇಡಿ, ಮೊದಲು ವೈದ್ಯನ ಹತ್ತಿರ ಕಳಿಸಿ ಎಂದು ದೊರೆ ಬರೆದಿದ್ದಾನೆ ಅಂತ ನಾನು ಹೇಳಿಬಿಟ್ಟಿದ್ದರೆ, ಅವರು ತಿರುಗಿಸಿ ನೋಡುತ್ತಿರಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ. ಆ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಆಂಟಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

ಇಲ್ಲದ್ದನ್ನು ಇದೆ ಎಂದು ಓದುವುದಕ್ಕೆ ನನ್ನ ಕೈಲಾಗಲಿಲ್ಲ. ಕಷ್ಟಪಟ್ಟು ಕಲಿತ ಅಕ್ಷರ, ಅದರಲ್ಲಿ ಸುಳ್ಳು ಹೇಳಬಾರದು ಎಂಬ ಒಂದು ಗರ್ವ ನನ್ನೊಳಗಿತ್ತು. ಇದ್ದದ್ದನ್ನು ಇದ್ದ ಹಾಗೆ ಓದಿದೆ. ಅಂಕಲ್ ಬರೆದುಕೊಂಡರು.

ಆಮೇಲೆ ನಾನು ಬೇಡಿಕೊಂಡೆ. ಜಾಯಮಾನ ಅಂತೆಲ್ಲ ಹೇಳಿದೆನಲ್ಲ, ಅದನ್ನು ಬಿಟ್ಟು ಬೇಡಿಕೊಂಡೆ. "ಹಳೇ ಗುರುವಾರಕ್ಕೇ ಹೋಗಿ ಅಂಕಲ್. ಸೈರನ್ ವಿಷಯ ಬಿಡಿ. ನಾನೇ ತಪ್ಪಿರಬಹುದು."

"ನೀನು ತಪ್ಪಿಲ್ಲ" ಎಂದರು. "ತಪ್ಪಿದ್ದಿದ್ರೆ ಒಳ್ಳೇದಿತ್ತು. ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಗೇಜಿಗೆ ನನ್ನ ಎದೆ ಕೊಡ್ಲಾ?"

ಗುರುವಾರ ಬಂತು, ಹೋಯಿತು. ಆ ದಿನ ನಾನು ಫ್ಯಾಕ್ಟರಿಯಲ್ಲಿ ಎರಡು ಸಲ ರೀಡಿಂಗ್ ತಪ್ಪು ಬರೆದು ಬೈಸಿಕೊಂಡೆ. ಅಂಕಲ್ ಹಾಳೆಯ ಮೇಲೆ ಹಾಳೆ ತುಂಬಿಸುತ್ತಿದ್ದರು. ಬೆರಳು ಹೋದ ದಿನಕ್ಕೆ ಹೊಂದಿದ ಗಳಿಗೆ ಮಗು ಹೋದ ದಿನಕ್ಕೆ ಹೊಂದುತ್ತಿರಲಿಲ್ಲ. ಮಗುವಿನ ದಿನಕ್ಕೆ ಹೊಂದಿಸಿದರೆ ಮದುವೆ ತಪ್ಪುತ್ತಿತ್ತು. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದರು. ಆಂಟಿ ನನ್ನ ಜೊತೆ ಮಾತು ಬಿಟ್ಟಿದ್ದರು. ಒಮ್ಮೆ ಮಾತ್ರ, ಬಟ್ಟೆ ಒಣಹಾಕಲು ಮೇಲೆ ಬಂದವರು, ನನ್ನ ಕಡೆ ನೋಡದೆ, "ಆ ಮಗೀನ ದಿನ ನಾನು ಮರ್ತಿದ್ದೆ. ಈಗ ದಿನಾ ನನ್ನ ಕೇಳ್ತಾರೆ, ಬೆಳಿಗ್ಗೆನಾ ಮದ್ಯಾನಾನಾ ಅಂತ" ಎಂದರು.

ಗುರುವಾರ ಕಳೆದು ಹತ್ತೊಂಬತ್ತನೇ ದಿನ ಮಂಗಳವಾರ. ನಾನು ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಷನ್ ಮೇಜಿನ ಮುಂದೆ ಇದ್ದೆ. ಅವ್ವನ ಫೋನ್ ಬಂತು. ಅಭ್ಯಾಸದ ಬಲ, ಗೋಡೆಯ ಗಡಿಯಾರ ನೋಡಿದೆ. ಹನ್ನೊಂದು ನಲವತ್ತು.

"ಮ್ಯಾಲ ಟ್ಯಾಂಕಿನ ಬಾಜೂಕ ಕುಂತಿದ್ರವಾ" ಎಂದಳು. "ಹಾಳಿ ಗಾಳಿಗಿ ಹಾರಾಕತ್ತಿದ್ದವು. ಹಾಳಿ ಹಿಡೀರಿ ಅಂದೆ. ಹಿಡೀಲಿಲ್ಲ. ಹೋಗಿ ನೋಡಿದ್ರ ಉಸಿರಿಲ್ಲ. ಆಂಟಿ ಮನ್ಯಾಗಿಲ್ಲ, ಗಿರಣಿಗಿ ಹೋಗ್ಯಾರ. ಲಗೂ ಬಾ."

ನಾನು ಬರುವ ಹೊತ್ತಿಗೆ ಬೀದಿಯವರು ಅವರನ್ನು ಕೆಳಗಿಳಿಸಿ ಹಾಲ್‌ನಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಕ್ಲಿನಿಕ್ಕಿನ ಡಾಕ್ಟರು ಬಂದು ನೋಡಿ ತಲೆಯಾಡಿಸಿ ಹೋದರು. ಆಂಟಿ ಗೋಡೆಗೆ ಒರಗಿ ಕೂತಿದ್ದರು, ಕೈಗೆ ಹತ್ತಿದ ರಾಗಿ ಹಿಟ್ಟು ಹಾಗೇ ಇತ್ತು. ಸ್ವಲ್ಪ ಹೊತ್ತಿಗೆ ಪುರೋಹಿತರು ಬಂದರು. ಪಂಚಾಂಗ ತೆಗೆದು ಮೊದಲು ಕೇಳಿದ ಪ್ರಶ್ನೆ ಒಂದೇ.

"ಪ್ರಾಣ ಹೋದ ಹೊತ್ತು ಎಷ್ಟು?"

ಅವರು ವಿವರಿಸಿದರು. "ಇವತ್ತು ರೇವತಿ ನಕ್ಷತ್ರ ಹನ್ನೊಂದೂ ಐವತ್ತೆರಡರ ತನಕ. ಅಷ್ಟರೊಳಗೆ ಹೋಗಿದ್ರೆ ದೋಷ. ಆರು ತಿಂಗಳು ಈ ಮನೆಗೆ ಬೀಗ ಹಾಕಬೇಕಾಗುತ್ತೆ, ಯಾರೂ ವಾಸ ಇರೋ ಹಾಗಿಲ್ಲ. ಆಮೇಲೆ ಆದ್ರೆ ಅಶ್ವಿನಿ. ಏನೂ ತೊಂದರೆ ಇಲ್ಲ. ಹತ್ತಿರ ಯಾರಿದ್ರು?"

ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವನಿಗೆ ಗಡಿಯಾರ ನೋಡಲು ಬರುವುದಿಲ್ಲ. ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. "ನನ್ ಮಗಳಿಗಿ ಫೋನ್ ಹಚ್ಚೀನ್ರೀ. ಅದರಾಗ ಟೈಮ್ ಇರತೈತಿ, ಅಕಿ ಹೇಳ್ತಾಳ."

ಆಂಟಿ ತಲೆಯೆತ್ತಿ ನೋಡಿದರು. ಮಗುವನ್ನು ಕಳೆದುಕೊಂಡ ಮನೆ ಅದು, ಗಂಡನನ್ನು ಕಳೆದುಕೊಂಡ ಮನೆ ಅದು, ಅವರಿಗೆ ಹೋಗಲು ಬೇರೆ ಮನೆಯಿರಲಿಲ್ಲ. ಫೋನಿನಲ್ಲಿ ಹನ್ನೊಂದು ನಲವತ್ತು ಎಂದು ಇತ್ತು. ನನಗೆ ಅದನ್ನು ನೋಡುವ ಅಗತ್ಯವೂ ಇರಲಿಲ್ಲ. ಆದರೂ ನೋಡಿದೆ. ನಿಧಾನವಾಗಿ, ನಾನು ನೋಡುವುದು ಎಲ್ಲರಿಗೂ ಕಾಣುವ ಹಾಗೆ ನೋಡಿದೆ.

"ಕಾಲ್ ಬಂದಿದ್ದು ಹನ್ನೊಂದೂ ಐವತ್ತೆಂಟು" ಎಂದೆ. "ಅದಕ್ಕೆ ಒಂದೆರಡು ನಿಮಿಷ ಮುಂಚೆ ಹೋಗಿರ್ಬೇಕು."

"ಅಶ್ವಿನಿ" ಎಂದರು ಪುರೋಹಿತರು. ಪಂಚಾಂಗ ಮುಚ್ಚಿದರು. ಓದಿದ ಹುಡುಗಿಯ ಮಾತು ಎಂದು ಯಾರೂ ಫೋನ್ ಕೇಳಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಆಂಟಿ ಮೇಲೆ ಬಂದರು. ಸ್ಪೈರಲ್ ಪುಸ್ತಕ ಮತ್ತು ಆ ನೋಟ್‌ಬುಕ್ ನನ್ನ ಮುಂದಿಟ್ಟರು. ಹಾರಿಹೋದ ಹಾಳೆಗಳಲ್ಲಿ ಸಿಕ್ಕಷ್ಟನ್ನು ಅವ್ವ ಆರಿಸಿ ಕೊಟ್ಟಿದ್ದಳು, ಅವೂ ಅದರೊಳಗಿದ್ದವು. ಆಂಟಿ ಸ್ವಲ್ಪ ಹೊತ್ತು ಕೂತರು. ಅವ್ವ ಕೊಟ್ಟ ಟೀ ಕುಡಿದರು.

"ನಾನು ಗಿರಣಿಯಿಂದ ಬಂದಾಗ ನಮ್ಮನೆ ಗಡಿಯಾರ ಅನ್ನೊಂದೂ ಐವತ್ತು ತೋರ್ಸ್ತಿತ್ತು" ಎಂದರು. "ಆಗ್ಲೇ ಅವ್ರನ್ನ ಕೆಳಗಿಳಿಸ್ತಾ ಇದ್ರು."

ನಾನು ಆ ಹಾಳೆಗಳನ್ನು ನೋಟ್‌ಬುಕ್ಕಿನೊಳಗೆ ಸರಿಯಾಗಿ ಜೋಡಿಸತೊಡಗಿದೆ.

"ಅವ್ರು ಇದ್ದಿದ್ರೆ ಬುಡ್ತಿರ್ಲಿಲ್ಲ. ಫೋನ್ ಇಸ್ಕೊಂಡು ನೋಡೋರು." ಲೋಟ ಕೆಳಗಿಟ್ಟು ಎದ್ದರು. "ಅವತ್ತು ಪುಸ್ತಕ ಓದ್ದಾಗ ಇಂಗೆ ಒಂದು ಮಾತು ಯೋಳಿದ್ರೆ ಆಗ್ತಿತ್ತಲ್ಲಮ್ಮ."

ಮೆಟ್ಟಿಲಿಳಿದು ತಮ್ಮ ಮನೆಯೊಳಗೆ ಹೋದರು. ಬಾಗಿಲು ಹಾಕಿಕೊಂಡದ್ದು ನನಗೆ ಮೇಲೆ ಕೇಳಿಸಿತು.

ರೀಡಿಂಗ್ ತಿದ್ದಿ ಬರೆದವರನ್ನು ನಮ್ಮ ವಿಭಾಗದಲ್ಲಿ ಅದೇ ದಿನ ಕೆಲಸದಿಂದ ತೆಗೆಯುತ್ತಾರೆ. ಕೆಲಸಕ್ಕೆ ಸೇರುವಾಗ ಅದಕ್ಕೆ ನಾನು ಸಹಿ ಹಾಕಿದ್ದೇನೆ. ಹದಿನೆಂಟು ನಿಮಿಷ ತಿದ್ದಿದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪ ಆಗಿಲ್ಲ. ತಿದ್ದದೇ ಓದಿದ ಆ ಒಂದು ಸಾಲು ಮಾತ್ರ ಬಿಡುತ್ತಿಲ್ಲ. ಈಗಲೂ ಭಾನುವಾರ ಪುಸ್ತಕ ತೆಗೆದರೆ ಅದೇ ಪುಟಕ್ಕೆ ಬಿಚ್ಚಿಕೊಳ್ಳುತ್ತದೆ. ನಾನು ಅವತ್ತು ಬೆರಳಿಟ್ಟು ಒತ್ತಿ ಹಿಡಿದಿದ್ದ ಜಾಗದಲ್ಲಿ ಮಡಿಕೆ ಬಿದ್ದಿದೆ.